ಹರಕೆಯಿಲ್ಲದ ಸುತ್ತು

ಜಿಗಣಿ
31 ಆಗಸ್ಟ್ 2025

ಅವ್ವಾ,

ಫೋನು ಮಾಡಬೇಡ, ಕಾಗದ ಬರಿ ಎಂದು ನಾನು ಹೇಳಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ. ಫೋನಿನಲ್ಲಿ ನೀನು "ಹೆಂಗದಿ?" ಎಂದು ಕೇಳಿ ಸುಮ್ಮನಾಗುತ್ತೀ. ಆ ಹೊತ್ತಿನಲ್ಲಿ ನಾನು ಉತ್ತರ ಹುಡುಕುತ್ತಿರುತ್ತೇನೆ. ಅದು ಸಿಗುವ ಮೊದಲೇ "ಯಾಕ ಮಾತಾಡವಲ್ಲಿ? ಅಳಾಕತ್ತೀಯೇನು?" ಎಂದು ಇನ್ನೆರಡು ಪ್ರಶ್ನೆ ಬರುತ್ತವೆ. ಕಾಗದದಲ್ಲಿ ಆ ಅವಸರವಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟರೂ ನಿನ್ನ ಅಕ್ಷರ ನನ್ನದಕ್ಕಿಂತ ದುಂಡಗಿದೆ. ಬರಿ.

ಈ ವಿಶ್ವವಿದ್ಯಾಲಯಕ್ಕೆ ಬಂದು ಇಪ್ಪತ್ತಾರು ದಿನವಾಯಿತು. ನನ್ನ ಕೋಣೆಯ ಕಿಟಕಿಗೆ ಕಲ್ಲು ಕೊಯ್ಯುವ ಶೆಡ್ಡುಗಳು ಕಾಣುತ್ತವೆ. ಬೆಳಿಗ್ಗೆ ಅವುಗಳ ಬಿಳಿ ಪುಡಿ ಗಾಳಿಯಲ್ಲಿ ನಿಂತಿರುತ್ತದೆ. ಮಂಜು ಯಾವುದು, ಪುಡಿ ಯಾವುದು ತಿಳಿಯುವುದಿಲ್ಲ. ಅದರೊಳಗೆ ಕಾರ್ಖಾನೆ ಬಸ್ಸುಗಳ ದೀಪಗಳು ಮಾತ್ರ ಮೆಲ್ಲಗೆ ಹೋಗುತ್ತಿರುತ್ತವೆ, ಬಸ್ಸು ಕಾಣುವುದಿಲ್ಲ. ಗಣಿತದ ಮೇಷ್ಟ್ರು ನಿಧಾನವಾಗಿ ಮಾತಾಡುತ್ತಾರೆ. ಇವೆರಡೂ ನನಗೆ ಇಷ್ಟವಾಗಿವೆ.

ಇನ್ನು ಇಷ್ಟವಾಗದ್ದು. ಹೋದ ವರ್ಷ ಆ ಕಾಲೇಜಿನಲ್ಲಿ ನಿದ್ದೆ ಕೆಟ್ಟು, ಊಟ ಬಿಟ್ಟು, ಹಾಸ್ಟೆಲಿನ ಬಚ್ಚಲಲ್ಲಿ ಒಂದೂವರೆ ದಿನ ಕೂತಿದ್ದೆನಲ್ಲ. ಅಪ್ಪ ಬಂದು ಎತ್ತಿಕೊಂಡು ಹೋದ. ಆಮೇಲೆ ಆಸ್ಪತ್ರೆಯಲ್ಲಿ ನನಗಿರುವುದು ಆಟಿಸಂ ಎಂದು ಹೇಳಿದರು. ಆಗ ಅಪ್ಪ ಹಾಕಿದ ಷರತ್ತು ನನಗೆ ಒಂದು ಶಬ್ದ ಬಿಡದೆ ನೆನಪಿದೆ. "ಇನ್ನೊಮ್ಮೆ ಓದು. ಮತ್ತ ಹಂಗಾತಂದ್ರ ದೀಪಾವಳಿಗೆ ಗಾಡಿ ತಗೊಂಡು ಬರ್ತೇನಿ. ಸಾಮಾನು ಸಮೇತ ಮನಿಗೆ. ಆಮ್ಯಾಲೆ ಓದಿನ ಮಾತಿಲ್ಲ." ನಿದ್ದೆ ಕೆಟ್ಟರೆ ಮುಚ್ಚಿಡುವುದಿಲ್ಲ ಎಂದು ನಾನು ಒಪ್ಪಿದ್ದೆ. ಹಾಗಾಗಿ ಹೇಳುತ್ತಿದ್ದೇನೆ: ಹೋದ ವಾರ ರಾತ್ರಿಗೆ ಮೂರು ಗಂಟೆ ಮಾತ್ರ ನಿದ್ದೆ ಬಂದಿದೆ. ಮೆಸ್ಸಿನ ತಟ್ಟೆಗಳ ಸದ್ದು, ತರಗತಿಯ ಫ್ಯಾನಿನ ಸದ್ದು ಎಲ್ಲ ಮೈಯೊಳಗೇ ಉಳಿದುಬಿಡುತ್ತವೆ. ನನಗೆ ಹೆದರಿಕೆಯಾಗಿದೆ. ಇಲ್ಲಿಂದ ಹೋಗಲು ನನಗೆ ಇಷ್ಟವಿಲ್ಲ.

ಇಲ್ಲಿ ಭಾನುಪ್ರಕಾಶ್ ಎನ್ನುವ ಸರ್ ಇದ್ದಾರೆ. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವುದು ಅವರ ಕೆಲಸ. "ದಿನಾ ಸ್ವಲ್ಪ ಮೈ ದಣಿಸಮ್ಮ. ನಿನ್ನಂಥ ಎಷ್ಟೋ ಜನಕ್ಕೆ ಅದ್ರಿಂದ ಆತಂಕ ಕಮ್ಮಿ ಆಗಿದೆ, ನಿದ್ದೆ ಬಂದಿದೆ. ಟ್ರೈ ಮಾಡು" ಎಂದರು. ಸಂಜೆಯ ವ್ಯಾಯಾಮದ ಕ್ಲಾಸಿಗೆ ಹೋದೆ. ನೆಲಮಾಳಿಗೆಯ ದೊಡ್ಡ ಹಾಲ್, ಅರವತ್ತು ಜನ, ಎದೆಯೆತ್ತರದ ಎರಡು ಸ್ಪೀಕರು, ಅವುಗಳಲ್ಲಿ ಕುಣಿತದ ಹಾಡು. ನಾಲ್ಕನೇ ನಿಮಿಷಕ್ಕೆ ಕಿವಿ ಮುಚ್ಚಿಕೊಂಡು ಓಡಿದೆ. ಹಿಂದಿನ ಗೇಟು ದಾಟಿ ಹಳ್ಳಿಯೊಳಗೆ ಹೋದೆ. ಅಲ್ಲಿ ಒಂದು ಅಶ್ವತ್ಥಕಟ್ಟೆ ಇತ್ತು. ಅದನ್ನು ಸುತ್ತತೊಡಗಿದೆ. ಎಷ್ಟು ಸುತ್ತಿದೆನೋ ಮೊದಲ ದಿನ ಎಣಿಸಲಿಲ್ಲ. ನಿಂತಾಗ ತಲೆಯಲ್ಲಿ ಎಲೆಗಳ ಸದ್ದೊಂದೇ ಇತ್ತು. ಆ ರಾತ್ರಿ ಐದು ಗಂಟೆ ಮಲಗಿದೆ.

ಇದನ್ನೂ ಅಪ್ಪನಿಗೆ ಹೇಳು. ಮೂರು ಗಂಟೆಯದನ್ನು ಮಾತ್ರ ಹೇಳಬೇಡ.

ನಿನ್ನ
ಶಾಂಭವಿ


ನಾಗಸಂದ್ರ
9 ಸೆಪ್ಟೆಂಬರ್ 2025

ಶಾಂಭವಿಗೆ ಅವ್ವನ ನೂರು ಮುತ್ತು.

ಪೋಸ್ಟ್‌ಮನ್ ನನ್ನ ಹೆಸರು ಕೂಗಿದಾಗ ವಠಾರದವರೆಲ್ಲ ಹೊರಗೆ ಬಂದರು. ರುಕ್ಮವ್ವನಿಗೆ ಕೋರ್ಟಿನಿಂದ ನೋಟಿಸು ಬಂದಿದೆ ಎಂದು ಮಾತಾಯಿತು. ಮಗಳ ಕಾಗದ ಎಂದರೆ ಒಬ್ಬರೂ ನಂಬಲಿಲ್ಲ. ನಿನ್ನ ದೆಸೆಯಿಂದ ನಾನು ಕೋರ್ಟು ಕಚೇರಿಯ ಹೆಂಗಸಾದೆ.

ನಿನ್ನ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕಟ್ಟಡದ ಕೆಲಸದಲ್ಲಿ ಕಂಬಿ ಕಟ್ಟಿ ಬಂದ ಕೈ ತೊಳೆಯುತ್ತಾ ಕೇಳಿಸಿಕೊಂಡ. ಮೂರು ಗಂಟೆ ಎಂದಾಗ ಕೈ ತೊಳೆಯುವುದು ನಿಂತಿತು. ಐದು ಗಂಟೆ ಎಂದಾಗ ಮತ್ತೆ ನೀರು ಹಾಕಿಕೊಂಡ. "ದೀಪಾವಳಿ ಮಟಾ ನೋಡೂಣು" ಎಂದಷ್ಟೇ ಹೇಳಿದ. ಆಮೇಲೆ ಊಟಕ್ಕೆ ಕೂತವನು ಎರಡೇ ರೊಟ್ಟಿಗೆ ಎದ್ದ.

ನನಗೊಂದು ಚಿಂತೆ. ಊರ ನಡುವೆ ಹಾಗೆ ಸುತ್ತುತ್ತಿದ್ದರೆ ಜನ ನೋಡುವುದಿಲ್ಲವೇ? ನೀನು ಸಣ್ಣವಳಿದ್ದಾಗ ವಠಾರದ ನಲ್ಲಿಕಟ್ಟೆ ಸುತ್ತುತ್ತಿದ್ದೆ. ಹೆಂಗಸರು ಕೊಡ ಇಟ್ಟುಕೊಂಡು ನಿಂತು ನಗುತ್ತಿದ್ದರು. ಆಗ ನಾನು… ಹೋಗಲಿ, ಅದನ್ನೆಲ್ಲ ಈಗ ಯಾಕೆ ಬರೆಯಲಿ. ನಡೆಯುವುದಾದರೆ ಎಲ್ಲರಂತೆ ನೆಟ್ಟಗೆ ರಸ್ತೆಯಲ್ಲಿ ನಡೆಯಬಾರದೇ? ಕೈಗಳನ್ನು ಹಾರಿಸಬೇಡ. ದುಪಟ್ಟಾದ ತುದಿ ಹಿಡಿದುಕೊ, ಗೊತ್ತಾಗುವುದಿಲ್ಲ.

ಗಾರ್ಮೆಂಟ್ಸಿನಲ್ಲಿ ಈಗ ಬಿಳಿ ಅಂಗಿಯ ಆರ್ಡರು. ಇಡೀ ದಿನ ಚೆಕ್ಕಿಂಗ್ ಟೇಬಲ್ಲಿಗೆ ಬಿಳಿ ಅಂಗಿ ಬರುತ್ತವೆ. ಹೊಲಿಗೆ ತಪ್ಪಿದಲ್ಲಿ ಬಾಣದ ಸ್ಟಿಕ್ಕರು ಹಚ್ಚಿ ವಾಪಸು ಕಳಿಸುತ್ತೇನೆ. ಸಂಜೆ ಮನೆಗೆ ಬಂದರೂ ಕಣ್ಣು ಎಲ್ಲದರಲ್ಲೂ ತಪ್ಪು ಹುಡುಕುತ್ತದೆ. ನಿನ್ನ ಕಾಗದದಲ್ಲಿ ಮಾತ್ರ ಒಂದೂ ಸಿಗಲಿಲ್ಲ.

ಹೊಟ್ಟೆ ತುಂಬ ಉಣ್ಣು.

ನಿನ್ನ ದಾರಿ ನೋಡುವ
ಅವ್ವ


ಜಿಗಣಿ
21 ಸೆಪ್ಟೆಂಬರ್ 2025

ಅವ್ವಾ,

ನೆಟ್ಟಗಿನ ರಸ್ತೆಯಲ್ಲಿ ಲಾರಿಗಳಿವೆ. ಅದಲ್ಲದೆ ನೆಟ್ಟಗೆ ನಡೆದರೆ ಎಲ್ಲಿ ಮುಗಿಸಬೇಕು ಎಂದು ಗೊತ್ತಾಗುವುದಿಲ್ಲ. ಸುತ್ತಿನಲ್ಲಿ ಆ ತೊಂದರೆಯಿಲ್ಲ. ಪ್ರತಿ ಸಲವೂ ಮುಗಿಯುತ್ತದೆ, ಪ್ರತಿ ಸಲವೂ ಶುರುವಾಗುತ್ತದೆ.

ಈಗ ಬೆಳಿಗ್ಗೆ ಆರಕ್ಕೆ ಹೋಗುತ್ತೇನೆ. ಚಪ್ಪಲಿ ಬಿಡುತ್ತೇನೆ. ಕಟ್ಟೆಯ ಸುತ್ತ ಹಾಸಿದ ಕಲ್ಲು ತಣ್ಣಗಿರುತ್ತದೆ, ಒಂದೊಂದು ಕಲ್ಲಿನ ತಂಪು ಒಂದೊಂದು ತರಹ. ಹತ್ತು ಸುತ್ತಿನವರೆಗೆ ನಿನ್ನೆಯ ಮಾತುಗಳೆಲ್ಲ ಬರುತ್ತವೆ. ಇಪ್ಪತ್ತರ ಹೊತ್ತಿಗೆ ಅವು ತೆಳ್ಳಗಾಗುತ್ತವೆ. ನನ್ನ ಕಣ್ಣಿಗೆ ಮೂವತ್ತೇಳನೆಯ ಸುತ್ತು ನೇರಳೆ ಬಣ್ಣದ್ದು. ಅಲ್ಲಿಂದ ಮುಂದೆ ನಾನು ನಡೆಯುತ್ತಿದ್ದೇನೋ, ಕಟ್ಟೆಯೇ ನನ್ನ ಪಕ್ಕದಲ್ಲಿ ತಿರುಗುತ್ತಿದೆಯೋ ಹೇಳಲಾರೆ. ಕೈಗಳು ಹಾರುತ್ತವೆ. ಎಲೆಗಳಿಂದ ಬಿಳಿ ಪುಡಿ ಉದುರುತ್ತದೆ. ಐವತ್ತನಾಲ್ಕಕ್ಕೆ ನಿಲ್ಲುತ್ತೇನೆ, ಆಗ ಊರು ತಾನೊಂದು ಸುತ್ತು ಹೆಚ್ಚಿಗೆ ತಿರುಗಿ ನಿಲ್ಲುತ್ತದೆ.

ಜನ ನೋಡುವುದಿಲ್ಲವೇ ಎಂದು ನೀನು ಕೇಳಿದ್ದೆ. ನೋಡುತ್ತಾರೆ. ಆದರೆ ನಗುವುದಿಲ್ಲ. ಅದಕ್ಕೊಂದು ಕಾರಣವಿದೆ. ಕಟ್ಟೆಯ ಎದುರಿನ ಮನೆಯಲ್ಲಿ ಲಕ್ಷ್ಮಮ್ಮ ಎನ್ನುವ ಅಜ್ಜಿ ಇದ್ದಾರೆ. ಅವರ ಗಂಡ ಚಿಕ್ಕಬೈರಪ್ಪ ಈ ಊರಿನ ಹಳೆಯ ರೈತರು. ಈಗ ಹೊಲದಲ್ಲಿ ಹದಿನಾರು ಬಾಡಿಗೆ ಕೋಣೆ ಕಟ್ಟಿದ್ದಾರೆ. ಹೋದ ಸೋಮವಾರ ಲಕ್ಷ್ಮಮ್ಮ ನಾಗರಕಲ್ಲಿಗೆ ನೀರು ಹಾಕಲು ಬಂದು, "ಏನ್ ಅರಕೆ ಕಟ್ಕಂಡಿದ್ದೀಯವ್ವಾ?" ಎಂದು ಕೇಳಿದರು. ನಾನು ಇಪ್ಪತ್ತೆಂಟನೇ ಸುತ್ತಿನಲ್ಲಿದ್ದೆ. ಎಣಿಸುವಾಗ ನನಗೆ ಮಾತು ಬರುವುದಿಲ್ಲ. ಇಪ್ಪತ್ತೊಂಬತ್ತಕ್ಕೆ ಮತ್ತೆ ಎದುರಾದೆ. ಅಷ್ಟರಲ್ಲಿ ಅವರೇ ಉತ್ತರ ಕಂಡುಕೊಂಡಿದ್ದರು. "ಯೋಳ್ಬ್ಯಾಡ ಬುಡು ಮಗಾ, ಯೋಳುದ್ರೆ ಫಲ ಓಯ್ತದೆ. ಮೌನವಾಗೇ ಸುತ್ತು" ಎಂದರು. ಈಗ ಊರಿಗೆಲ್ಲ ನಾನು ಮೌನವ್ರತದ ಹುಡುಗಿ. ನಾನು ಬರುವ ಮೊದಲು ಯಾರೋ ಕಲ್ಲು ಗುಡಿಸಿರುತ್ತಾರೆ. ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಇಷ್ಟು ವರ್ಷ ಮಾತಾಡದಿದ್ದಕ್ಕೆ ಬೈಸಿಕೊಂಡೆ, ಇಲ್ಲಿ ಅದಕ್ಕೇ ಕೈ ಮುಗಿಯುತ್ತಾರೆ.

ನಾನು ಸುಳ್ಳು ಹೇಳಿಲ್ಲ ಅವ್ವಾ. ಅವರೇ ಅಂದುಕೊಂಡರು. ಆದರೂ ಒಳಗೆ ಕುಟುಕುತ್ತದೆ.

ಭಾನುಪ್ರಕಾಶ್ ಸರ್ ಒಂದು ಹಾಳೆ ಕೊಟ್ಟಿದ್ದಾರೆ. ದಿನವೂ ನಿದ್ದೆ ಎಷ್ಟು, ಮನಸ್ಸು ಹತ್ತಕ್ಕೆ ಎಷ್ಟು ಎಂದು ಬರೆಯಬೇಕು. ಆರು ಗಂಟೆ, ಏಳು ಅಂಕ. ತರಗತಿ ಒಂದೂ ತಪ್ಪಿಲ್ಲ. ಹರ್ಷವರ್ಧನ್ ಎಂಬ ಹುಡುಗನೂ ಅವರ ಬಳಿ ಬರುತ್ತಾನೆ. ಅವನೂ ನನ್ನ ಹಾಗೆಯೇ. ಅವನು ಲೈಬ್ರರಿ ಹಿಂದಿನ ಗೋಡೆಗೆ ಟೆನ್ನಿಸ್ ಚೆಂಡು ಎಸೆದು ಹಿಡಿಯುತ್ತಾನೆ, ದಿನಕ್ಕೆ ನಾನೂರು ಸಲ. "ಯಾರ್ಯಾರಿಗೆ ಯಾವ್ದು ಒಗ್ಗುತ್ತೋ ಅದೇ ವ್ಯಾಯಾಮ. ಆ ಸ್ಪೀಕರ್ ಕ್ಲಾಸಿಗೆ ನಿನ್ನ ಕಳಿಸಿದ್ದು ನಂದೇ ತಪ್ಪು" ಎಂದು ಸರ್ ಒಪ್ಪಿಕೊಂಡರು. ದೊಡ್ಡವರು ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಇದೇ ಮೊದಲು.

ನಿನ್ನ
ಶಾಂಭವಿ


ನಾಗಸಂದ್ರ
3 ಅಕ್ಟೋಬರ್ 2025

ಬಂಗಾರದಂಥ ಮಗಳಿಗೆ,

ಈ ಕಾಗದದೊಳಗೆ ಬನ್ನಿ ಎಲೆ ಇಟ್ಟಿದ್ದೇನೆ. ನಿನ್ನೆ ಹಬ್ಬದ ದಿನ ನಮ್ಮ ಕೊಪ್ಪಳದ ಕಡೆಯವರು ಹತ್ತು ಮನೆಯವರು ಸೇರಿ ಎಲ್ಲಿಂದಲೋ ಒಂದು ಟೊಂಗೆ ತಂದಿದ್ದರು. ಅದು ಬನ್ನಿಯೋ ಜಾಲಿಯೋ ಎಂದು ಅರ್ಧ ತಾಸು ಜಗಳವಾಯಿತು. ಬನ್ನಿ ಎಂದೇ ತಿಳಿದುಕೊ.

ನಿನ್ನ ಕಾಗದವನ್ನು ಚೆಕ್ಕಿಂಗ್ ಟೇಬಲ್ಲಿನ ಕೆಳಗೆ ಇಟ್ಟುಕೊಂಡು ಓದಿದೆ. ಆರು ಗಂಟೆ ನಿದ್ದೆ ಎಂಬಲ್ಲಿ ಕಣ್ಣೀರು ಬಂದು ಬಿಳಿ ಅಂಗಿಯ ಮೇಲೆ ಬಿತ್ತು. ಸೂಪರ್‌ವೈಸರು ಕಲೆ ಯಾರದೆಂದು ಹುಡುಕಿದ. ನಾನೂ ಅವನ ಜೊತೆ ಹುಡುಕಿದೆ.

ನಿನ್ನ ಅಪ್ಪನಿಗೆ ಹರಕೆಯ ಸುದ್ದಿ ಬಹಳ ಹಿಡಿಸಿದೆ. "ಛಲೋ ಆತಲ್ಲ, ದೇವರ ಸುತ್ತ ತಿರಗಾಕತ್ತಾಳಂದ್ರ ಯಾರೂ ಏನೂ ಅನ್ನೂದಿಲ್ಲ" ಎಂದ. ಬಹಳ ದಿನದ ಮೇಲೆ ನಾಲ್ಕು ರೊಟ್ಟಿ ತಿಂದ.

ಕುಟುಕುತ್ತದೆ ಎಂದು ನೀನು ಬರೆದಿದ್ದೆ. ಕುಟುಕಲಿ ಬಿಡು. ಯಾರಾದರೂ ಕೇಳಿದರೆ ಹರಕೆ ಎಂದೇ ಹೇಳು, ಅಥವಾ ಬಾಯಿ ಬಿಡಲೇಬೇಡ. ಇದರಿಂದ ಯಾರ ಗಂಟು ಹೋಗುತ್ತದೆ? ನೀನು ಎಲ್ಲವನ್ನೂ ಬಿಚ್ಚಿ ಹೇಳುವವಳು, ಅದೇ ನನಗೆ ಭಯ. ಆಟಿಸಂ ಎಂಬ ಮಾತು ಅವರಿಗೆ ತಿಳಿಯುವುದಿಲ್ಲ. ನನಗೇ ತಿಳಿಯಲು ಒಂದು ವರ್ಷ ಬೇಕಾಯಿತು. ದೇವರು ಕೊಟ್ಟ ಮರೆ ಅಂದುಕೊಂಡು ಅದರೊಳಗೆ ಸುಮ್ಮನಿರು.

ದೀಪಾವಳಿಗೆ ಹದಿನೇಳು ದಿನ ಇದೆ. ನೀನು ಹಬ್ಬಕ್ಕೆ ಬಂದು, ಹಬ್ಬ ಮುಗಿಸಿ, ನಿನ್ನ ಕಾಲಿನ ಮೇಲೆ ವಾಪಸು ಹೋಗಬೇಕು. ನಾನು ಬೇಡಿಕೊಳ್ಳುವುದು ಅಷ್ಟೇ.

ಅವ್ವ


ಜಿಗಣಿ
16 ಅಕ್ಟೋಬರ್ 2025

ಅವ್ವಾ,

ನಡೆಯುವುದು ನಿಂತು ಆರು ದಿನವಾಯಿತು.

ಹೇಗಾಯಿತು ಎಂದು ಕ್ರಮವಾಗಿ ಬರೆಯುತ್ತೇನೆ. ಸುತ್ತು ನೂರೆಂಟಕ್ಕೆ ಏರಿಸಿದ್ದೆ. ಬಲ ಮೊಣಕಾಲು ನೋಯತೊಡಗಿತು. ಯಾವಾಗಲೂ ಬಲಕ್ಕೇ ತಿರುಗಿದರೆ ಒಳಗಿನ ಕಾಲಿಗೆ ಭಾರ ಹೆಚ್ಚು ಬೀಳುತ್ತದೆ. ಆದ್ದರಿಂದ ಐವತ್ತನಾಲ್ಕು ಬಲಕ್ಕೆ, ಐವತ್ತನಾಲ್ಕು ಎಡಕ್ಕೆ ಎಂದು ಮಾಡಿದೆ. ಕಾಲಿನ ನೋವು ಎರಡೇ ದಿನಕ್ಕೆ ಹೋಯಿತು. ನನಗೆ ಹೊಳೆದದ್ದು ಕಾಲು ಮಾತ್ರ. ದೇವರು ಹೊಳೆಯಲಿಲ್ಲ.

ಮೂರನೇ ದಿನ ಚಿಕ್ಕಬೈರಪ್ಪ ಬಾಡಿಗೆ ಮನೆಗಳ ಮೇಲಿನ ಸಿಂಟೆಕ್ಸ್ ನೀರಿನ ತೊಟ್ಟಿ ನೋಡಲು ಹತ್ತಿ, ಮೆಟ್ಟಿಲಿನಿಂದ ಜಾರಿ ಪಾದ ಉಳುಕಿಸಿಕೊಂಡರು. ಮರುದಿನ ನಾನು ಹೋದಾಗ ಕಟ್ಟೆಯ ಬಳಿ ಎಂಟು ಹೆಂಗಸರಿದ್ದರು. ಚಿಕ್ಕಬೈರಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. "ಎಡಕ್ ಸುತ್ತೋದು ಸಾವಿನ್ ಮನೆಯಾಗೆ ಕಣಮ್ಮ. ಕಟ್ಟಿದ್ ಅರಕೆ ಬಿಚ್ತಿದ್ದೀಯಾ? ಯಾರ್ ಮ್ಯಾಲೆ ಬಿಚ್ತಿದ್ದೀಯಾ?" ಎಂದರು.

ನೀನು ಹೇಳಿದ್ದು ನೆನಪಿತ್ತು. ಬಾಯಿ ಬಿಡಬಾರದಿತ್ತು. ಆದರೆ ಅವರು ತಮ್ಮ ಪಾದ ಉಳುಕಿದ್ದಕ್ಕೆ ನಾನು ಕಾರಣ ಎಂದು ನಿಜವಾಗಿ ಹೆದರಿದ್ದರು. ಹೆದರಿದವರಿಗೆ ಸುಳ್ಳು ಹೇಗೆ ಹೇಳಲಿ? ಹರಕೆ ಇಲ್ಲ, ಯಾವತ್ತೂ ಇರಲಿಲ್ಲ, ನನಗೆ ಆಟಿಸಂ ಇದೆ, ಸುತ್ತಿದರೆ ತಲೆಯೊಳಗಿನ ಸದ್ದು ಇಳಿಯುತ್ತದೆ ಎಂದೆ. ಲಕ್ಷ್ಮಮ್ಮ ನನ್ನ ಮುಖ ನೋಡಿದರು. "ಅಂಗಾರೆ ನಾನು ದಿನಾ ಕಲ್ ಗುಡಿಸ್ತಿದ್ದುದ್ದು?" ಎಂದು ಕೇಳಿದರು. ಗುಡಿಸುತ್ತಿದ್ದವರು ಅವರೇ ಎಂದು ಆಗ ಗೊತ್ತಾಯಿತು. ಚಿಕ್ಕಬೈರಪ್ಪ, "ಇನ್ ಇತ್ತಾಗ್ ಬರ್ಬ್ಯಾಡ" ಎಂದರು.

ನಿದ್ದೆ ಎರಡು ಗಂಟೆ. ಮನಸ್ಸಿನ ಅಂಕ ಬರೆದಿಲ್ಲ. ನಾಲ್ಕು ದಿನದಿಂದ ತರಗತಿಗೆ ಹೋಗಿಲ್ಲ. ಕೋಣೆಯಲ್ಲಿ ಸುತ್ತಲು ಜಾಗವಿಲ್ಲ.

ಅಪ್ಪನಿಗೆ ಹೇಳು, ಬರಲಿ.

ಶಾಂಭವಿ


ನಾಗಸಂದ್ರ
26 ಅಕ್ಟೋಬರ್ 2025

ಶಾಂಭವಿ,

ನಿನ್ನ ಕಾಗದ ಹಬ್ಬಕ್ಕೆ ಎರಡು ದಿನ ಇರುವಾಗ ಬಂತು. ನಿನ್ನ ಅಪ್ಪ ಆಗಲೇ ಗಾಡಿಗೆ ಫೋನು ಹಚ್ಚಿದ. ನಾನು ಅವನ ಕೈಯಿಂದ ಫೋನು ಕಸಿದುಕೊಂಡೆ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾಡಿರಲಿಲ್ಲ. ಕಾರ್ತಿಕ ಮುಗಿಯುವ ತನಕ ಅವಕಾಶ ಕೊಡು ಎಂದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಪಾಡ್ಯದ ದಿನ ನಾನು ನಿಮ್ಮ ಊರಿಗೆ ಬಂದಿದ್ದೆ. ಹೌದು, ನಿನಗೆ ಹೇಳದೆ. ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ನಡುವೆ ಬದಲಿಸಿ, ಬೊಮ್ಮಸಂದ್ರದಲ್ಲಿ ಇಳಿದು ಬಸ್ಸು ಹಿಡಿದೆ. ಲಕ್ಷ್ಮಮ್ಮನ ಜಗಲಿಯಲ್ಲಿ ಎರಡು ತಾಸು ಕೂತೆ. ಅವರಿಗೆ ಹೇಳಿದ್ದನ್ನು ನಿನಗೆ ಮೊದಲು ಹೇಳಬೇಕಾಗಿತ್ತು. ಧೈರ್ಯ ಬರಲಿಲ್ಲ.

ನಿನಗೆ ಐದು ವರ್ಷ. ನಲ್ಲಿಕಟ್ಟೆ ಸುತ್ತುತ್ತಿದ್ದೆ. ಹೆಂಗಸರು ನಕ್ಕರು. ನಾನು ನಿನ್ನನ್ನು ದರದರ ಎಳೆದು ಒಳಗೆ ತಂದು, ಬಾಗಿಲು ಹಾಕಿ, ಕಾಲಿನ ಮೇಲೆ ಹೊಡೆದೆ. ನೀನು ಅಳಲಿಲ್ಲ. ಮೂಲೆಯಲ್ಲಿ ಕೂತು ಬೆರಳಿನಿಂದ ನೆಲದ ಮೇಲೆ ಸುತ್ತು ಬರೆಯತೊಡಗಿದೆ. ನಾನು ಆ ಬೆರಳನ್ನೂ ಹಿಡಿದೆ. ಹೊರಗಿನವರು ನಕ್ಕಿದ್ದು ಒಂದು ದಿನ. ನಾನು ನಿನ್ನ ಮೈಮೇಲೆ ಬಾಣದ ಗುರುತು ಹಚ್ಚುತ್ತಾ ಬಂದದ್ದು ಹದಿಮೂರು ವರ್ಷ. ಹೋದ ವರ್ಷ ನೀನು ಆ ಬಚ್ಚಲಲ್ಲಿ ಕೂತದ್ದು ಯಾಕೆಂದು ಡಾಕ್ಟರು ಏನೇನೋ ಹೇಳಿದರು. ನನಗೆ ನನ್ನದೇ ಕೈ ಕಂಡಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೂ ಬರೆದೆ.

ಲಕ್ಷ್ಮಮ್ಮ ಕೇಳಿ, "ನಮ್ಗೇನ್ ಅವ್ಳು ಸುಳ್ಳೇಳ್ಲಿಲ್ಲ ಕಣವ್ವ. ನಾವೇ ಅಂದ್ಕಂಡಿದ್ದು" ಎಂದರು. ಅವರ ಯಜಮಾನರು ಒಳಗಿನಿಂದ ಕೆಮ್ಮಿದರು, ಹೊರಗೆ ಬರಲಿಲ್ಲ.

ಆಮೇಲೆ ಹಾಸ್ಟೆಲಿನ ಗೇಟಿಗೆ ಬಂದೆ. ಶೇಂಗಾ ಹೋಳಿಗೆಯ ಡಬ್ಬಿಯನ್ನು ವಾರ್ಡನ್ ಕೈಗೆ ಕೊಟ್ಟೆ. ಮಧ್ಯಾಹ್ನ ಒಂದಿಷ್ಟು ಅನ್ನ ತಿಂದಿದ್ದೀಯ ಎಂದರು. ಒಳಗೆ ಬರಲಿಲ್ಲ. ನಿನ್ನ ಮುಖ ನೋಡಿದ್ದರೆ ಕರೆದುಕೊಂಡೇ ಬರುತ್ತಿದ್ದೆ. ಅದಕ್ಕೇ ನೋಡಲಿಲ್ಲ.

ಇನ್ನು ನಿನ್ನ ಇಷ್ಟ. ಬರುತ್ತೇನೆಂದರೆ ಬಾ, ಬಾಗಿಲು ತೆಗೆದಿದೆ. ಇರುತ್ತೇನೆಂದರೆ ನಿನ್ನ ಅಪ್ಪನೊಡನೆ ಜಗಳವಾಡುವುದು ನನಗಿರಲಿ.

ಅವ್ವ


ಜಿಗಣಿ
12 ನವೆಂಬರ್ 2025

ಅವ್ವಾ,

ನಿನ್ನ ಕಾಗದ ಸಿಕ್ಕಿ ಎರಡು ವಾರ ಉತ್ತರ ಬರೆಯಲಿಲ್ಲ. ಮೊದಲ ಐದು ದಿನ ಸಿಟ್ಟಿತ್ತು. ನೀನು ನನ್ನ ವಿಷಯವನ್ನು ನನಗಿಂತ ಮೊದಲು ಲಕ್ಷ್ಮಮ್ಮನಿಗೆ ಹೇಳಿದೆ. ಗೇಟಿನ ತನಕ ಬಂದು ವಾಪಸು ಹೋದೆ. ನನಗೆ ಹತ್ತೊಂಬತ್ತು ವರ್ಷ. ಇನ್ನು ಮುಂದೆ ನನ್ನ ಪರವಾಗಿ ಮಾತಾಡುವ ಮೊದಲು ನನ್ನನ್ನು ಕೇಳು.

ನೀನು ಹೊಡೆದದ್ದು ನನಗೆ ನೆನಪಿದೆ. ನಿನಗೆ ನೆನಪಿಲ್ಲ ಅಂದುಕೊಂಡಿದ್ದೆ, ಅದೇ ಹೆಚ್ಚು ನೋವಾಗುತ್ತಿತ್ತು. ಈಗ ಅಷ್ಟು ನೋವಿಲ್ಲ. ಸರಿ ಹೋಯಿತು ಎಂದು ಬರೆಯಲಾರೆ, ಆದರೆ ನೀನು ಬರೆದದ್ದು ಒಳ್ಳೆಯದಾಯಿತು. ಹೋಳಿಗೆ ಎಂಟೂ ನಾನೇ ತಿಂದೆ.

ಆರನೆಯ ದಿನ ಎದ್ದು ನಾನೇ ಚಿಕ್ಕಬೈರಪ್ಪನವರ ಮನೆಗೆ ಹೋದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಬರೀ ಬಲಕ್ಕೆ ಸುತ್ತುತ್ತೇನೆ, ಆದರೆ ಹರಕೆ ಎಂದು ಹೇಳುವುದಿಲ್ಲ, ಒಪ್ಪಿಗೆಯೇ ಎಂದು ಓದಿದೆ. ಅವರು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಅರಕೆ ಇಲ್ದೆ ಯಾಕಮ್ಮ ಸುತ್ಬೇಕು?" ಎಂದರು. ಇದಕ್ಕೆ ಚೀಟಿಯಲ್ಲಿ ಉತ್ತರವಿರಲಿಲ್ಲ. "ಸುತ್ತಿದ್ರೆ ನಾನು ಇಲ್ಲಿ ಇರ್ಬಲ್ಲೆ. ಇಲ್ದಿದ್ರೆ ಅಪ್ಪ ಬಂದು ಕರ್ಕೊಂಡು ಹೋಗ್ತಾರೆ" ಎಂದೆ. ನನ್ನ ಕೈಗಳು ಹಾರುತ್ತಿದ್ದವು. ಹಿಡಿದುಕೊಳ್ಳಲಿಲ್ಲ.

ಅವರು ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು. ಆಮೇಲೆ ಹೇಳಿದರು. ಪಾದ ತೋರಿಸಲು ಆನೇಕಲ್ಲಿಗೆ ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಇದೆ, ದಿನಾ ನಡೆಯಲೇಬೇಕು ಎಂದರಂತೆ. "ಉಟ್ಟಿದಾಗ್ನಿಂದ ಒಲ ಉತ್ತೋನು ನಾನು. ಈಗ ಶೂ ಆಕ್ಕಂಡು ವಾಕಿಂಗ್ ಓದ್ರೆ ಊರೋರು ನಗಾಕಿಲ್ವಾ?" ಎಂದರು. ಅವ್ವಾ, ಅವರಿಗೂ ನನ್ನದೇ ಕಷ್ಟ! ನಾನು ಜೋರಾಗಿ ನಕ್ಕುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿನ್ ಇಂದೆ ನಾನೂ ಬತ್ತೀನಿ. ಮಾತಾಡಾಕಿಲ್ಲ" ಎಂದರು.

ಎಡಸುತ್ತಿನ ತೀರ್ಪೂ ಅವರದೇ. ಊರಾಚೆ ಪಂಚಾಯಿತಿಯ ನೀರಿನ ಟ್ಯಾಂಕಿದೆ, ಎತ್ತರದ ಕಂಬಗಳ ಮೇಲೆ. "ಅಲ್ ದೇವ್ರಿಲ್ಲ. ಎಂಗಾದ್ರೂ ಸುತ್ಕೊ" ಎಂದರು. ಈಗ ಬೆಳಿಗ್ಗೆ ಕಟ್ಟೆಗೆ ಐವತ್ತನಾಲ್ಕು ಬಲಕ್ಕೆ, ಆಮೇಲೆ ಟ್ಯಾಂಕಿಗೆ ಐವತ್ತನಾಲ್ಕು ಎಡಕ್ಕೆ. ಟ್ಯಾಂಕಿನ ಕೆಳಗೆ ಸದಾ ಸಣ್ಣಗೆ ನೀರು ತೊಟ್ಟಿಕ್ಕುತ್ತದೆ. ಮಂಜಿರುವ ದಿನ ಮೇಲಿನ ತೊಟ್ಟಿ ಕಾಣುವುದಿಲ್ಲ, ಕಂಬಗಳು ಮಾತ್ರ ಇರುತ್ತವೆ. ಹನಿ ಎಲ್ಲಿಂದಲೋ ಬಂದು ಹಣೆಯ ಮೇಲೆ ಬೀಳುತ್ತದೆ. ಅದು ಬಿದ್ದ ಸುತ್ತಿನ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತೇನೆ.

ಮೊದಲು ಚಿಕ್ಕಬೈರಪ್ಪ ಒಬ್ಬರೇ ಕೋಲೂರಿ ಬಂದರು. ಆಮೇಲೆ ಲಕ್ಷ್ಮಮ್ಮ. ಆಮೇಲೆ ಮಂಡಿನೋವಿನ ಇಬ್ಬರು. ಹರ್ಷವರ್ಧನ್ ಚೆಂಡು ಕೈಯಲ್ಲಿ ಹಿಡಿದುಕೊಂಡು ಬರುತ್ತಾನೆ, ಎಸೆಯುವುದಿಲ್ಲ. ನಡೆಯುವಾಗ ಯಾರೂ ಮಾತಾಡುವುದಿಲ್ಲ. ಮೌನ ಇದರ ನಿಯಮ ಎಂದು ಎಲ್ಲರೂ ತಿಳಿದಿದ್ದಾರೆ. ಅದನ್ನು ಮಾತ್ರ ನಾನು ತಿದ್ದಿಲ್ಲ.

ನಿದ್ದೆ ಆರೂವರೆ ಗಂಟೆ. ಹೋದ ವಾರದಿಂದ ತರಗತಿಗೆ ಹೋಗುತ್ತಿದ್ದೇನೆ. ತಪ್ಪಿದ ಪಾಠಗಳಿಗೆ ಭಾನುಪ್ರಕಾಶ್ ಸರ್ ಮೇಷ್ಟ್ರ ಬಳಿ ಮಾತಾಡಿದ್ದಾರೆ, ನನ್ನನ್ನು ಕೇಳಿಯೇ. ನಾನು ಇಲ್ಲಿ ಇರುತ್ತೇನೆ. ಅಪ್ಪ ಒಪ್ಪದಿದ್ದರೆ ಏನು ಮಾಡಬೇಕೆಂದು ತಿಳಿದಿಲ್ಲ. ಕಾರ್ತಿಕ ಮುಗಿಯಲು ಎಂಟು ದಿನ ಇದೆ.

ನಿನ್ನ
ಶಾಂಭವಿ


ನಾಗಸಂದ್ರ
24 ನವೆಂಬರ್ 2025

ಶಾಂಭವಿ, ನನ್ನ ತಾಯಿ,

ನಿನ್ನ ಅವ್ವ ಕಾಗದ ಬರೆಯುವಾಗ ಇಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ್ದೇನೆ. ನಾನು ಬರೆಯುವುದು ಇದೇ ಮೊದಲು. ನಾಲ್ಕನೇ ಇಯತ್ತೆಯ ಅಕ್ಷರ. ತಪ್ಪಿದ್ದರೆ ತಿದ್ದಿಕೊ.

ನಿನ್ನೆ ಭಾನುವಾರ ನಾನು ನಿಮ್ಮ ಊರಿಗೆ ಬಂದಿದ್ದೆ. ನನಗೆ ಕೆಲಸವಿದೆ ಎಂದು ನಿನ್ನ ಅವ್ವನಿಗೆ ಹೇಳಿ ಬಂದೆ. ಬಾಡಿಗೆಗೆ ಗಾಡಿ ಓಡಿಸುವ ಬಾಲಾಜಿಯ ಟೆಂಪೊ ಮಾಡಿಕೊಂಡಿದ್ದೆ, ನಿನ್ನ ಸಾಮಾನು ತರಲು. ಚೆನ್ನಾಗಿದ್ದೇನೆ ಎಂದು ನೀನು ಬರೆದದ್ದನ್ನು ನಾನು ನಂಬಿರಲಿಲ್ಲ. ಹೋದ ವರ್ಷ ಆ ಬಚ್ಚಲಿನಿಂದ ನಿನ್ನನ್ನು ಎತ್ತಿದಾಗ ನಿನ್ನ ಮೈಯಲ್ಲಿ ಭಾರವೇ ಇರಲಿಲ್ಲ. ದಿನಾ ಕಬ್ಬಿಣ ಹೊರುವವನು ನಾನು. ಎಂಥ ಭಾರವನ್ನೂ ಇಳಿಸಿದ ಮೇಲೆ ಮರೆಯುತ್ತೇನೆ. ನಿನ್ನ ಆ ಹಗುರ ಮಾತ್ರ ನನ್ನ ತೋಳಿನಿಂದ ಹೋಗಿಲ್ಲ. ಅದಕ್ಕೇ ಗಾಡಿ ಮಾಡಿದೆ. ಸಿಟ್ಟಿನಿಂದ ಅಲ್ಲ, ಹೆದರಿಕೆಯಿಂದ.

ಬೆಳಿಗ್ಗೆ ಆರೂವರೆಗೆ ಕಟ್ಟೆಯ ಹತ್ತಿರದ ಚಹಾದಂಗಡಿಯಲ್ಲಿ ನಿಂತೆ. ಮಂಜು ಬಿದ್ದಿತ್ತು. ಮೊದಲು ಯಾರೂ ಕಾಣಲಿಲ್ಲ, ಬರೀ ಕಾಲಿನ ಸದ್ದು. ಆಮೇಲೆ ನೀನು ಕಂಡೆ. ನಿನ್ನ ಹಿಂದೆ ಕೋಲಿನ ಮುದುಕರು, ಅವರ ಹೆಂಡತಿ, ಇನ್ನಷ್ಟು ಜನ, ಚೆಂಡು ಹಿಡಿದ ಒಬ್ಬ ಹುಡುಗ. ನಿನ್ನ ಕೈಗಳು ಎರಡೂ ಕಡೆ ಹಾರುತ್ತಿದ್ದವು. ಸಣ್ಣವಳಿದ್ದಾಗ ಆ ಕೈಗಳನ್ನು ನಾನೂ ಹಿಡಿದು ನಿಲ್ಲಿಸಿದ್ದೇನೆ. ಅದನ್ನು ನಿನ್ನ ಅವ್ವ ಬರೆಯಲಿಲ್ಲ, ತನ್ನದೊಂದೇ ಬರೆದಳು. ಅಲ್ಲಿ ಯಾರೂ ನಿಲ್ಲಿಸಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ.

ನೀನು ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ ಹಾದುಹೋದೆ. ನನ್ನನ್ನು ನೋಡಿದೆ ಅಂದುಕೊಂಡೆ. ಇಲ್ಲ, ನಿನ್ನ ತುಟಿ ಎಣಿಸುತ್ತಿತ್ತು. ನಾನೂ ಎಣಿಸತೊಡಗಿದೆ. ಮೂವತ್ತೊಂದಕ್ಕೆ ಲೆಕ್ಕ ತಪ್ಪಿತು, ಕಣ್ಣು ಕಾಣಲಿಲ್ಲ. ನಿನ್ನ ಮುಖ ಹಾಗಿದ್ದುದನ್ನು ನಾನು ಯಾವತ್ತೂ ನೋಡಿಲ್ಲ. ಹತ್ತೊಂಬತ್ತು ವರ್ಷ ಸಾಕಿದವನಿಗೆ ಮಗಳಿಗೆ ಅಂಥ ಮುಖ ಇದೆ ಎಂದೇ ಗೊತ್ತಿರಲಿಲ್ಲ. ಚಹಾ ಆರಿಹೋಯಿತು. ಅಂಗಡಿಯವನು ಬೇರೆ ಕೊಟ್ಟ.

ಕರೆಯಬೇಕು ಎಂದು ಎರಡು ಸಲ ಬಾಯಿ ತೆರೆದೆ. ಕರೆದರೆ ನೀನು ನಿಲ್ಲುತ್ತಿದ್ದೆ. ಕರೆಯಲಿಲ್ಲ. ನೀವೆಲ್ಲ ಟ್ಯಾಂಕಿನ ಕಡೆಗೆ ಹೋದ ಮೇಲೆ ನಾನು ಗಾಡಿಗೆ ವಾಪಸು ಬಂದೆ.

ಬಾಲಾಜಿ ಹಿಂದಿನ ಬಾಗಿಲು ತೆಗೆದು, ಹಗ್ಗ ಬಿಚ್ಚಿ ಇಟ್ಟುಕೊಂಡಿದ್ದ. "ಏನಣ್ಣ, ಬರೀ ಕೈಲಿ ಬಂದ್ಬಿಟ್ರಿ? ಲಗೇಜ್ ಎಲ್ಲಿ?" ಎಂದ.

"ಲಗೇಜ್ ಇಲ್ಲಪಾ" ಎಂದೆ. "ನನ್ನ ಮಗಳು ಇಲ್ಲೇ ಓದಾಕತ್ತಾಳ."

ಅವನು ಬಾಗಿಲು ಹಾಕಿದ. ಖಾಲಿ ಗಾಡಿಯಲ್ಲಿ ವಾಪಸು ಬಂದೆವು.

ನಿನ್ನ ಅಪ್ಪ
ಕೊಟ್ರಪ್ಪ